ಊರಿನ ಹೆಸರೂ ಕೋಷ್ಟಕದ ಹೆಸರೂ: ಒಂದು ವಿಮರ್ಶೆ

ಪ್ರೋಗ್ರಾಮಿನ ಕ್ಲಾಸುಗಳನ್ನು ದತ್ತಸಂಚಯದ ಕೋಷ್ಟಕಗಳಿಗೆ ಹೊಂದಿಸುವ ಸಾಧನವನ್ನು ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್ ಎನ್ನುತ್ತಾರೆ. ಕೋಷ್ಟಕದ ಹೆಸರನ್ನೂ, ಕೋಷ್ಟಕಗಳ ಗುಂಪಾದ ಸ್ಕೀಮಾದ ಹೆಸರನ್ನೂ ನಾವು ತಿಳಿಸದಿದ್ದರೆ ಈ ಸಾಧನವು ತನ್ನ ರೂಢಿಯಂತೆ ನಡೆದುಕೊಳ್ಳುತ್ತದೆ. ಈ ರೂಢಿಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದೇ ಇಲ್ಲಿ ನಮ್ಮ ವಿಚಾರ. ಬಳ್ಳಾರಿ ಸೀಮೆಯ ಹೆಸರುಗಳು ಇದಕ್ಕೆ ತಕ್ಕ ಒರೆಗಲ್ಲಾಗಿವೆ.

ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಎಂದಿದ್ದ ನಗರದ ಹೆಸರು 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಎಂದಾಯಿತು. ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡು, 2017ರ ಆಯವ್ಯಯದ ಘೋಷಣೆಯನ್ನು ಅನುಸರಿಸಿ ಪ್ರತ್ಯೇಕ ತಾಲ್ಲೂಕಾಯಿತು. ಮೊದಲನೆಯದು ನಾಮಭೇದ; ಎರಡನೆಯದು ಸೀಮಾಭೇದ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ತೊಡಕು ಹುಟ್ಟುತ್ತದೆ.

ನಾಮಭೇದವನ್ನು ಮೊದಲು ನೋಡೋಣ. ‘ಬೆಲ್ಲಾರಿಪಹಣಿ’ ಎಂಬ ಕ್ಲಾಸಿಗೆ ಹೈಬರ್ನೇಟ್ ಅದೇ ಹೆಸರಿನ ಕೋಷ್ಟಕವನ್ನು ರಚಿಸಿತೆಂದು ಊಹಿಸೋಣ. ಕ್ಲಾಸಿನ ಹೆಸರನ್ನು ತಿದ್ದಿ, ಕೋಷ್ಟಕಗಳ ನವೀಕರಣವನ್ನು ಸಾಧನಕ್ಕೇ ಬಿಟ್ಟರೆ, ಅದು ಹಳೆಯದನ್ನು ಮುಟ್ಟದೆ ಹೊಸದಾಗಿ ಬರಿದಾದ ಕೋಷ್ಟಕವೊಂದನ್ನು ನಿರ್ಮಿಸುತ್ತದೆ. ದಾಖಲೆ ನಾಶವಾಗಿರುವುದಿಲ್ಲ, ಆದರೂ ಪಹಣಿಗಾಗಿ ಬಂದ ರೈತನಿಗೆ ‘ಇಲ್ಲ’ವೆಂಬ ಉತ್ತರ ದೊರೆಯುತ್ತದೆ. ಕೋಷ್ಟಕದ ಹೆಸರನ್ನೂ ಸ್ಕೀಮಾದ ಹೆಸರನ್ನೂ ಕ್ಲಾಸಿನ ಮೇಲೆಯೇ ಸ್ಪಷ್ಟವಾಗಿ ಬರೆದಿಡುವುದು ಇದಕ್ಕೆ ಸಾಕಾದ ಪರಿಹಾರ.

ಆ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಾರದೇಕೆ ಎಂದು ಕೇಳಬಹುದು. ಇಡಬಹುದು; ಆದರೆ ಎಚ್ಚರ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 63 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾಗುವುದರಿಂದ, ಹೆಸರು 21 ಸಂಕೇತಗಳಿಗೆ ನಿಲ್ಲುತ್ತದೆ. ‘ಸಿರುಗುಪ್ಪ’ ಎಂಬುದೊಂದೇ 9ನ್ನು ಬಳಸಿಕೊಳ್ಳುತ್ತದೆ. ‘ಕುರುಗೋಡು’ ಎಂಬಲ್ಲಿಯ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತದಿಂದಲೂ ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆದ ಈ ಎರಡು ರೂಪಗಳು ದತ್ತಸಂಚಯಕ್ಕೆ ಎರಡು ಬೇರೆ ಹೆಸರುಗಳು.

ಇನ್ನು ಸೀಮಾಭೇದ. ತಾಲ್ಲೂಕಿಗೊಂದು ಸ್ಕೀಮಾ ಇಡುವ ಪದ್ಧತಿಗೆ ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಒಳ್ಳೆಯ ಅನುಕೂಲವಿದೆ. ಪ್ರೋಗ್ರಾಮು ನಡೆಯುತ್ತಿರುವಾಗಲೇ ಒಂದು ಸ್ಕೀಮಾದ ಹೆಸರಿಗೆ ಬದಲಾಗಿ ಮತ್ತೊಂದನ್ನು ಹೊಂದಿಸಬಹುದು. ಆದರೆ ಕುರುಗೋಡು ಬೇರೆಯಾದಾಗ ಬಳ್ಳಾರಿಯ ಸ್ಕೀಮಾದಿಂದ ಅದರ ಗ್ರಾಮಗಳ ದಾಖಲೆಗಳನ್ನು ಆಯ್ದು ಸಾಗಿಸಬೇಕಾಗುತ್ತದೆ. ಹೆಸರಿನ ಹೊಂದಾಣಿಕೆ ಯಾವುದಾದರೂ ಈ ಕೆಲಸವನ್ನು ಮಾಡಲಾರದು. ಪ್ರತಿಯೊಂದು ತಾಲ್ಲೂಕಿನ ಸಿಬ್ಬಂದಿಗೆ ತಮ್ಮ ದಾಖಲೆಯಷ್ಟೇ ಕಾಣಬೇಕೆಂಬುದು ಈ ಪದ್ಧತಿಯ ಪರವಾದ ಬಲವಾದ ವಾದ. ಆದರೆ 2016ರಲ್ಲಿ ಬಂದ ಪೋಸ್ಟ್‌ಗ್ರೆಸ್ 9.5ರಿಂದ ಸಾಲುಗಳ ಮಟ್ಟದಲ್ಲಿಯೇ ಆ ನಿರ್ಬಂಧವನ್ನು ವಿಧಿಸಬಹುದಾಗಿದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಊರಿನ ಹೆಸರು ಸ್ಕೀಮಾದಲ್ಲಿಯೂ ಇರಬಾರದು, ಕೋಷ್ಟಕದ ಹೆಸರಿನಲ್ಲಿಯೂ ಇರಬಾರದು, ಅದರ ಸ್ಥಾನ ಕೋಷ್ಟಕದ ಸಾಲಿನಲ್ಲಿ. ‘ಪಹಣಿ’ ಎಂಬುದು ಒಂದೇ ಕೋಷ್ಟಕವಾಗಿರಲಿ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂಬುವು ಸಂಖ್ಯೆಯಿಂದ ಗುರುತಿಸಲ್ಪಟ್ಟ ತಾಲ್ಲೂಕುಗಳಾಗಿ ಅದರಲ್ಲಿ ಬರಲಿ. ಹಾಗಾದರೆ ಸರ್ಕಾರ ಹೆಸರನ್ನು ತಿದ್ದಿದಾಗ ಒಂದು ಸಾಲನ್ನು ತಿದ್ದಿದರಾಯಿತು. ಗಡಿಯನ್ನು ತಿದ್ದಿದಾಗ ಆಯಾ ಗ್ರಾಮಗಳ ತಾಲ್ಲೂಕು ಸಂಖ್ಯೆಯನ್ನು ಬದಲಿಸಿದರಾಯಿತು.