ಎರಡು ಊರು, ಒಂದು ನಕ್ಷೆ

ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವನ್ನು ಜನ ಕರೆಯುವುದು ದೂಡಾ ಎಂದು. ಎರಡು ಊರುಗಳ ಹೆಸರನ್ನು ಒಟ್ಟಿಗೆ ಹೊತ್ತ ಇಂಥ ಪ್ರಾಧಿಕಾರಗಳು ನಮ್ಮಲ್ಲಿ ಕೆಲವೇ. ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು ಹದಿನಾಲ್ಕು ಕಿಲೊಮೀಟರ್. ಒಂದೇ ರೈಲು ಹಳಿ, ಒಂದೇ ಹಳೇ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆ, ಒಂದೇ ತುಂಗಭದ್ರೆ. ಹೀಗಿರುವಾಗ ಎರಡರ ಬೆಳವಣಿಗೆಯನ್ನೂ ಒಂದೇ ನಕ್ಷೆಯಲ್ಲಿ ನೋಡಬೇಕು ಎಂದು ನಿರ್ಧರಿಸಿದ್ದು ವಿವೇಕದ ಕೆಲಸ. ಆ ವಿವೇಕಕ್ಕೆ ತಕ್ಕ ಊರು ಕಟ್ಟಲಾಗಿದೆಯೇ? ಮಹಾಯೋಜನೆ, ಬಡಾವಣೆ ಮಂಜೂರಾತಿ, ಸ್ಮಾರ್ಟ್ ಸಿಟಿ ಈ ಮೂರನ್ನೂ ಜೊತೆಗಿಟ್ಟು ನೋಡಿದರೆ ಇಲ್ಲ ಎಂದೇ ಹೇಳಬೇಕಾಗುತ್ತದೆ. ಒಳಗೆ ತುಂಬಬೇಕಿದ್ದ ಜಾಗ ಖಾಲಿ ಉಳಿದಿದೆ, ಹೊರಗೆ ಭತ್ತ ಬೆಳೆಯಬೇಕಿದ್ದ ಗದ್ದೆ ಸೈಟಾಗಿದೆ.

ಹಳೇ ದಾವಣಗೆರೆಯನ್ನು ಬಲ್ಲವರಿಗೆ ಅಡಕವಾದ ಊರು ಎಂದರೇನು ಎಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಂಡಿಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಚೌಕಿಪೇಟೆ, ಗಡಿಯಾರ ಕಂಬ, ಕೆ.ಆರ್. ಮಾರುಕಟ್ಟೆ, ದುರ್ಗಾಂಬಿಕಾ ದೇವಸ್ಥಾನ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ಹಳಿ ದಾಟಿ ಈಚೆ ಬಂದರೆ ಹೈಸ್ಕೂಲ್ ಮೈದಾನ, ಪಿ.ಜೆ. ಬಡಾವಣೆ, ಚಿಗಟೇರಿ ಆಸ್ಪತ್ರೆ. 1930ರ ದಶಕದಿಂದ ಮುಂದಕ್ಕೆ ಗಿರಣಿಗಳು ಒಂದೊಂದಾಗಿ ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ದಾವಣಗೆರೆ ಕಾಟನ್ ಮಿಲ್, ಗಣೇಶರ್, ಚಂದ್ರೋದಯ, ಆಂಜನೇಯ, ಶಂಕರ್ ಮಿಲ್ಲುಗಳಿಗೆ ಕಾರ್ಮಿಕರು ನಡೆದೋ ಸೈಕಲ್ ತುಳಿದೋ ಪಾಳಿಗೆ ಹೋಗುತ್ತಿದ್ದರು. ಇದನ್ನು ಯಾರೂ ಕೂತು ಯೋಜಿಸಿರಲಿಲ್ಲ. ದುಡಿಮೆ, ಮನೆ, ಸಂತೆ, ರೈಲು ಅಕ್ಕಪಕ್ಕದಲ್ಲಿದ್ದುದರಿಂದ ಊರು ಹಾಗೆ ಬೆಳೆಯಿತು.

ಆ ಊರನ್ನು ಹೊಗಳುವಾಗ ಅದರ ನೋವನ್ನು ಮುಚ್ಚಿಡಬಾರದು. ಮಂಡಕ್ಕಿ ಭಟ್ಟಿಗಳ ಓಣಿಗೆ ಹೋಗಿ ನೋಡಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವ ತನಕ ಎಲ್ಲ ಕೆಲಸವೂ ಮನೆಯ ಬಾಗಿಲಲ್ಲೇ. ತಾಯಂದಿರು ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ದುಡಿಯಬಹುದು, ಬಸ್ಸಿನ ಖರ್ಚಿಲ್ಲ. ಆದರೆ ಭಟ್ಟಿಯ ಹೊಗೆ ಸೇರುವುದೂ ಅದೇ ಮಗುವಿನ ಎದೆಯನ್ನೇ. ಹೊಟ್ಟಿನ ಜೊತೆಗೆ ಹಳೆ ಟೈರು ಸುಡುತ್ತಿದ್ದ ಕಾಲವೂ ಒಂದಿತ್ತು. ಇಂಥಲ್ಲಿ ಯೋಜಕರಿಗೆ ಮೊದಲು ಹೊಳೆಯುವ ದಾರಿ ಭಟ್ಟಿಗಳನ್ನು ಊರಾಚೆ ಸಾಗಿಸುವುದು. ಹಾಗೆ ಮಾಡಿದರೆ ಹೊಗೆಯ ಜೊತೆಗೆ ಆ ಹೆಂಗಸರ ಸಂಬಳವೂ ಊರಾಚೆ ಹೋಗುತ್ತದೆ. ಒಲೆ ಬದಲಾಗಬೇಕು, ಚಿಮಣಿ ಎತ್ತರವಾಗಬೇಕು, ಓಣಿಗೆ ಚರಂಡಿ ಬರಬೇಕು, ಭಟ್ಟಿ ಅಲ್ಲೇ ಇರಬೇಕು. ದಾವಣಗೆರೆಯ ಸ್ಮಾರ್ಟ್ ಸಿಟಿ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿಗಳ ಸುಧಾರಣೆಗೂ ಜಾಗ ಸಿಕ್ಕಿತ್ತು. ಆ ಪ್ರಸ್ತಾವದಲ್ಲಿ ಈ ಮಣ್ಣಿನಿಂದಲೇ ಹುಟ್ಟಿದ ಆಲೋಚನೆ ಅದು. ಬೇರೆ ಯಾವ ಕಾಮಗಾರಿಗಿಂತ ಮೊದಲು ಅದು ಪೂರ್ತಿಯಾಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೊದಲ 20 ಸ್ಮಾರ್ಟ್ ನಗರಗಳ ಪಟ್ಟಿ ಪ್ರಕಟಿಸಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬೆಳಗಾವಿ ಮತ್ತು ದಾವಣಗೆರೆ. ಪ್ರತಿ ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ ತನಕ, ರಾಜ್ಯದಿಂದ ಅಷ್ಟೇ ಮೊತ್ತ ಎಂಬ ಲೆಕ್ಕ. ಹಣದ ದೊಡ್ಡ ಪಾಲು ಇಡೀ ಊರಿಗಲ್ಲ, ಆಯ್ದುಕೊಂಡ ಒಂದು ಭಾಗಕ್ಕೆ. ದಾವಣಗೆರೆ ಆ ಭಾಗವಾಗಿ ಹೊಸ ಬಡಾವಣೆಯನ್ನು ಆರಿಸಿಕೊಳ್ಳದೆ ಮಂಡಿಪೇಟೆಯ ಸುತ್ತಿನ ಹಳೇ ಊರನ್ನು ಆರಿಸಿಕೊಂಡಿತು. ಇದು ಮೆಚ್ಚಬೇಕಾದ ತೀರ್ಮಾನ. ರಸ್ತೆ ಕಾಂಕ್ರೀಟಾಯಿತು, ಕೇಬಲ್ಲುಗಳು ನೆಲದೊಳಗೆ ಇಳಿದವು, ಬಸ್ ನಿಲ್ದಾಣ ಹೊಸದಾಯಿತು, ಕ್ಯಾಮೆರಾಗಳನ್ನು ನೋಡುತ್ತಾ ಕೂರುವ ನಿಯಂತ್ರಣ ಕೇಂದ್ರ ಬಂತು. ಬಾರದೆ ಉಳಿದದ್ದು ಮನೆ. ಊರಿನ ನಡುವೆ ಹಮಾಲಿ, ಅಂಗಡಿ ಹುಡುಗ, ನರ್ಸು, ಕಾಲೇಜಿನ ಗುಮಾಸ್ತರು ಬಾಡಿಗೆ ಕೊಟ್ಟು ಇರಬಲ್ಲ ಮನೆಗಳು ಹೆಚ್ಚದಿದ್ದರೆ, ಎಷ್ಟು ಚೆಂದದ ರಸ್ತೆ ಹಾಕಿದರೂ ಅವರು ಊರಂಚಿಗೆ ಸರಿದು ದಿನವೂ ಬೈಕಿನಲ್ಲಿ ಅದೇ ರಸ್ತೆಗೆ ಬಂದು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾರೆ. ಹಳೇ ಊರನ್ನೂ ಹೊಸ ಊರನ್ನೂ ಸೇರಿಸುವ ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ಎರಡೂ ಕಡೆಯವರನ್ನು ಬಿಸಿಲಲ್ಲಿ ನಿಲ್ಲಿಸಿತು. ನಡೆದು ಹೋಗುವವನ ಸಮಯಕ್ಕೆ ನಮ್ಮ ಯೋಜನೆಗಳು ಕೊಡುವ ಬೆಲೆ ಎಷ್ಟೆಂದು ತಿಳಿಯಲು ಆ ಗೇಟಿನ ಕಥೆ ಸಾಕು.

ಕುಂದವಾಡ ಕೆರೆಯ ವಿಷಯದಲ್ಲಿ ಆದದ್ದು ಇನ್ನೂ ಹೆಚ್ಚು ಯೋಚಿಸಬೇಕಾದದ್ದು. ಭದ್ರಾ ನಾಲೆಯ ನೀರು ತುಂಬಿಕೊಂಡು, ನಾಲೆ ಬಂದ್ ಆದಾಗ ಊರಿಗೆ ಕುಡಿಸುವ ಕೆರೆ ಇದು, ಹಕ್ಕಿಗಳ ನೆಲೆಯೂ ಹೌದು. ಸ್ಮಾರ್ಟ್ ಸಿಟಿ ಅಭಿವೃದ್ಧಿಯ ಹೆಸರಿನಲ್ಲಿ ದಂಡೆಗೆ ಕಲ್ಲು ಜೋಡಿಸುವ ಕೆಲಸ ನಡೆದಾಗ ಪರಿಸರಾಸಕ್ತರು ವಿರೋಧಿಸಿದರು. ಅವರ ಪರವಾಗಿ ನಾನೂ ನಿಲ್ಲುತ್ತೇನೆ. ಕೆರೆಯ ಅಂಚಿನ ಕೆಸರು, ಜೊಂಡು, ಗಿಡಗಂಟಿಗಳೇ ಹಕ್ಕಿಗೆ ಮೇವು ಮತ್ತು ಮರೆ. ವಾಕಿಂಗ್ ಪಾತ್ ನಮಗೆ ಬೇಕು, ಅದನ್ನು ನೀರಿನಿಂದ ಹತ್ತಡಿ ಹಿಂದೆ ಹಾಕಬಹುದು.

ಇನ್ನು ಬಡಾವಣೆಗಳು. 2001ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 3.64 ಲಕ್ಷ, 2011ರಲ್ಲಿ 4.35 ಲಕ್ಷ. ಹರಿಹರದ್ದು ಆಗ 83 ಸಾವಿರದಷ್ಟು. 2021ರ ಗಣತಿ ನಡೆಯಲೇ ಇಲ್ಲವಾದ್ದರಿಂದ ಎಷ್ಟು ಜನಕ್ಕೆ ಊರು ಕಟ್ಟುತ್ತಿದ್ದೇವೆ ಎಂಬುದಕ್ಕೂ ಹಳೇ ಲೆಕ್ಕವೇ ಆಧಾರ. ಜನ ಹೆಚ್ಚಿದ್ದು ನಿಜ. ಆದರೆ ಹೊರವಲಯದ ಯಾವುದೇ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಕಮಾನು, ಡಾಂಬರು, ಕರೆಂಟು ಕಂಬ ಎಲ್ಲ ಇರುತ್ತವೆ. ನಡುನಡುವೆ ಒಂದೊಂದು ಮನೆ, ಉಳಿದ ಮೂವತ್ತು-ನಲವತ್ತರ ಸೈಟುಗಳಲ್ಲಿ ಪಾರ್ಥೇನಿಯಂ. ವಾಸಕ್ಕೆ ಕೊಂಡ ಸೈಟುಗಳಲ್ಲ ಅವು, ಮಗಳ ಮದುವೆಗೋ ಮಗನ ಓದಿಗೋ ಎಂದು ಕೂಡಿಟ್ಟ ಹಣ. ಮಧ್ಯಮ ವರ್ಗದ ಆ ಆಸೆಯನ್ನು ನಾನು ಹಳಿಯಲಾರೆ. ಬೇರೆಲ್ಲಿ ಇಟ್ಟರೂ ಹಣ ಇಷ್ಟು ಬೆಳೆಯದು ಎಂಬ ಅನುಭವ ಅವರದು. ಆದರೆ ಆ ಖಾಲಿ ಸೈಟುಗಳ ಮುಂದೆಯೂ ನೀರಿನ ಪೈಪು, ಒಳಚರಂಡಿ, ಬೀದಿದೀಪ, ಕಸದ ಗಾಡಿ ಹೋಗಲೇಬೇಕು. ಮನೆಗಳ ನಡುವಿನ ದೂರ ಹೆಚ್ಚಿದಷ್ಟೂ ಪ್ರತಿ ಮನೆಗೆ ಬೀಳುವ ಖರ್ಚು ಹೆಚ್ಚು, ಬಸ್ಸಿಗೆ ಸಿಗುವ ಜನ ಕಡಿಮೆ. ಬಸ್ಸಿಲ್ಲದ್ದರಿಂದ ಬೈಕು, ಬೈಕು ಹೆಚ್ಚಿದ್ದರಿಂದ ಬಸ್ಸಿಗೆ ನಷ್ಟ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ದಾವಣಗೆರೆ, ಹರಿಹರ, ಬ್ಯಾಡಗಿ, ರಾಣೆಬೆನ್ನೂರುಗಳಿಗೆ ಕೈಗೊಂಡ ಜಲಸಿರಿ ಯೋಜನೆ ತುಂಗಭದ್ರೆಯಿಂದ ಎತ್ತಿದ ನೀರನ್ನು ದಿನದ 24 ಗಂಟೆಯೂ ಕೊಡುವ ಗುರಿ ಇಟ್ಟುಕೊಂಡಿತು. ಬೇಸಿಗೆಯಲ್ಲಿ ಕಲ್ಲು ಕಾಣುವ ನದಿಯಿಂದ ಎತ್ತಿದ ನೀರನ್ನು ಖಾಲಿ ಸೈಟುಗಳ ಸಾಲಿನುದ್ದಕ್ಕೂ ಹರಿಸಿ ಸೋರಿಸುವುದು ಎಂಥ ಲೆಕ್ಕಾಚಾರ?

ನೆಲದ ಗುಣವನ್ನೂ ನೋಡಬೇಕು. ಶಾಮನೂರು, ಹದಡಿ ರಸ್ತೆಗಳ ಕಡೆ ಊರು ಚಾಚಿದ್ದು ಭದ್ರಾ ಅಚ್ಚುಕಟ್ಟಿನ ನೀರಾವರಿ ಭೂಮಿಯ ಮೇಲೆ. ಜಲಾಶಯ ಕಟ್ಟಿ, ನಾಲೆ ತೋಡಿ, ಸಾರ್ವಜನಿಕರ ಹಣದಿಂದ ನೀರುಣಿಸಿದ ಗದ್ದೆಯನ್ನು ಭೂ ಪರಿವರ್ತನೆಯ ಒಂದು ಆದೇಶ ನಿವೇಶನವಾಗಿ ಮಾಡಿಬಿಡುತ್ತದೆ. ಕೊನೆಯ ಭಾಗದ ರೈತರು ನಾಲೆಗೆ ನೀರು ಬರಲಿಲ್ಲವೆಂದು ರಸ್ತೆಗಿಳಿಯುವ ಜಿಲ್ಲೆಯಿದು. ಸರ್ಕಾರಿ ಸಂಸ್ಥೆಗಳೂ ಊರಾಚೆಯ ಹಾದಿಯನ್ನೇ ಹಿಡಿದವು. 2009ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ ತೋಳಹುಣಸೆಗೆ ಹೋಯಿತು, ಜಿಲ್ಲಾಡಳಿತ ಭವನ ಕರೂರಿನ ಕಡೆಗೆ ಹೋಯಿತು. ಅದೇ ಹೊತ್ತಿಗೆ ಮುಚ್ಚಿದ ಗಿರಣಿಗಳ ಜಾಗ ಊರಿನ ಹೊಟ್ಟೆಯಲ್ಲೇ ಇತ್ತು. ಅದು ಚೂರುಚೂರಾಗಿ ಮಾರಾಟವಾಯಿತು. ಬಾಡಿಗೆ ಮನೆ, ಶಾಲೆ, ಉದ್ಯಾನ ಸೇರಿದ ಒಂದು ಓಣಿಯನ್ನು ಅಲ್ಲಿ ಕಟ್ಟಬಹುದು ಎಂಬ ಮಾತು ಗಟ್ಟಿಯಾಗಿ ಕೇಳಲೇ ಇಲ್ಲ.

ಹರಿಹರಕ್ಕೆ ನಕ್ಷೆಯಲ್ಲಿ ಹೆಸರಿದೆ, ಪಾಲು ಸಾಲದು. ಹೊಯ್ಸಳರ ಕಾಲದ, ಹದಿಮೂರನೇ ಶತಮಾನದ ಹರಿಹರೇಶ್ವರ ದೇವಾಲಯವಿರುವ ಈ ಊರಿನ ಆಧುನಿಕ ಬದುಕು ನಿಂತಿದ್ದು 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮೇಲೆ. ಇಲ್ಲಿ ತಯಾರಾದ ಲೇತ್‌ಗಳು ದೇಶದ ವರ್ಕ್‌ಶಾಪುಗಳಲ್ಲಿ ತಿರುಗಿದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತಿತು, ಅದರೊಂದಿಗೆ ನಡೆದು ಕೆಲಸಕ್ಕೆ ಹೋಗುವ ಒಂದು ಊರೂ ನಿಂತಿತು. ನದಿಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಒಂದು ಪಾಠ ಕಲಿಸಿತ್ತು: ಕಾರ್ಖಾನೆ ಇರುವುದು ಈಗಿನ ಹಾವೇರಿ ಜಿಲ್ಲೆಯಲ್ಲಿ, ನೀರು ಕುಡಿಯುವವರು ಈ ದಡದಲ್ಲೂ ಇದ್ದಾರೆ, ನದಿಗೆ ಆಡಳಿತದ ಗಡಿ ಇಲ್ಲ. ದೂಡಾದ ನಕ್ಷೆಯಾದರೋ ಹೊಳೆಯ ದಡಕ್ಕೆ ಬಂದು ನಿಲ್ಲುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ 1947ರಲ್ಲಿ ಒಂದು ಯೋಜನೆ ಹಾಕಿಕೊಂಡಿತು. ಊರು ಬೆಳೆಯುವುದಾದರೆ ರೈಲು ಹಳಿಗಳ ಗುಂಟ ಬೆರಳುಗಳಂತೆ ಬೆಳೆಯಲಿ, ಬೆರಳುಗಳ ನಡುವಿನ ಹೊಲ, ಕಾಡು ಹಾಗೇ ಉಳಿಯಲಿ ಎಂದು. ನಮಗೆ ಇದಕ್ಕಿಂತ ಸರಳ ಅವಕಾಶವಿದೆ, ಎರಡು ಊರುಗಳ ನಡುವೆ ಒಂದೇ ಬೆರಳು. ಜೋಡಿ ಹಳಿ ಬಂದಿದೆ. ದಾವಣಗೆರೆ, ಅಮರಾವತಿ ಕಾಲೊನಿ, ಹರಿಹರ ನಿಲ್ದಾಣಗಳ ಸುತ್ತ ನಡೆದು ತಲುಪುವಷ್ಟು ದೂರದಲ್ಲಿ ಎತ್ತರದ ಮನೆಗಳು ಬರಲಿ, ದೊಡ್ಡಬಾತಿಯ ಆಸುಪಾಸಿನ ಗದ್ದೆ, ಕೆರೆ, ಗುಡ್ಡ ಹಸಿರಾಗಿಯೇ ಇರಲಿ. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಪಿ.ಬಿ. ರಸ್ತೆಯ ಎರಡೂ ಬದಿ ಕಲ್ಯಾಣಮಂಟಪ, ಶೋರೂಮು, ಲೇಔಟು ಸಾಲುಗಟ್ಟಿ, ಎರಡು ಊರುಗಳ ನಡುವಿನ ಬಯಲನ್ನು ತಿನ್ನುತ್ತಿವೆ.

ಹುಬ್ಬಳ್ಳಿ-ಧಾರವಾಡದ ಅನುಭವವನ್ನೂ ಓದಿಕೊಳ್ಳಬೇಕು. 1962ರಲ್ಲಿ ಒಂದೇ ಪಾಲಿಕೆಯಾದ ಆ ಅವಳಿ ನಗರಗಳ ನಡುವೆ 2018ರಲ್ಲಿ ತ್ವರಿತ ಬಸ್ಸು ಓಡಲಾರಂಭಿಸಿತು. ಪ್ರಯಾಣವೇನೋ ಚುರುಕಾಯಿತು. ಆದರೆ ಮರಗಳು ಉರುಳಿದವು, ಅಗಲ ರಸ್ತೆ ದಾಟುವುದೇ ನಡೆಯುವವರಿಗೆ ಪ್ರಯಾಸವಾಯಿತು. ಬಸ್ಸಿನ ದಾರಿ ಮಾಡುವ ಮೊದಲೇ ಆ ದಾರಿಯ ಬದಿ ಯಾರು ವಾಸಿಸಬೇಕು ಎಂದು ನಿರ್ಧರಿಸಬೇಕು.

ನಡುವಿನ ಗದ್ದೆಗಳನ್ನು ಹಸಿರಾಗಿಯೇ ಉಳಿಸಬೇಕು ಎಂಬ ಮಾತಿಗೆ ಬರುವ ಗಟ್ಟಿ ಆಕ್ಷೇಪ ರೈತರದ್ದು. ಪಕ್ಕದವನ ಹೊಲ ಎನ್‌ಎ (ಕೃಷಿಯೇತರ) ಆಗಿ ಕೋಟಿಗೆ ಹೋಗಿರುವಾಗ ನಮ್ಮ ಹೊಲಕ್ಕೆ ಮಾತ್ರ ಹಸಿರು ಬಣ್ಣ ಬಳಿದರೆ ನಾವೇಕೆ ಒಪ್ಪಬೇಕು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ರಸ್ತೆ, ಉದ್ಯಾನಗಳಿಗೆ ಜಾಗ ಬಿಟ್ಟವರಿಗೆ ಕಟ್ಟುವ ಹಕ್ಕನ್ನು ಬೇರೆಡೆ ಬಳಸಲು, ಮಾರಲು ಅವಕಾಶವಿದೆ. ಅದನ್ನು ಗದ್ದೆ ಉಳಿಸಿಕೊಳ್ಳುವ ರೈತರಿಗೂ ವಿಸ್ತರಿಸಬೇಕು. ನಿಲ್ದಾಣದ ಬಳಿ ಎರಡು ಮಹಡಿ ಹೆಚ್ಚಿಗೆ ಕಟ್ಟಬೇಕೆನ್ನುವವರು ಆ ಹಕ್ಕನ್ನು ದೊಡ್ಡಬಾತಿಯ ರೈತರಿಂದ ಕೊಳ್ಳಲಿ. ಅದೇ ಕಾಯ್ದೆ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಜನರ ಆಕ್ಷೇಪಣೆ ಕೇಳಬೇಕು ಎನ್ನುತ್ತದೆ. ಮುಂದಿನ ಸಲ ಆ ನಕ್ಷೆಯನ್ನು ದೂಡಾ ಕಚೇರಿಯ ಗೋಡೆಯಲ್ಲಷ್ಟೇ ಅಲ್ಲದೆ ಎಪಿಎಂಸಿ ಪ್ರಾಂಗಣದಲ್ಲಿ, ಭಟ್ಟಿ ಓಣಿಯಲ್ಲಿ, ಹರಿಹರದ ಬಸ್ ನಿಲ್ದಾಣದಲ್ಲಿ ದೊಡ್ಡದಾಗಿ, ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ ಹಾಕಬೇಕು.