ಭದ್ರಾವತಿಯ ಕಬಡ್ಡಿ, ಅಹ್ಮದಾಬಾದಿನ ರಥ

2021ರ ಫೆಬ್ರವರಿ ತಿಂಗಳ ಕೊನೆಯ ವಾರ ನನಗೆ ಚೆನ್ನಾಗಿ ನೆನಪಿದೆ. 24ನೇ ತಾರೀಕು ಅಹ್ಮದಾಬಾದಿನ ಮೊಟೇರಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದಾದ ಕ್ರಿಕೆಟ್ ಕ್ರೀಡಾಂಗಣವನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅದುವರೆಗೆ ಸರ್ದಾರ್ ಪಟೇಲರ ಹೆಸರಿದ್ದ ಕ್ರೀಡಾಂಗಣಕ್ಕೆ ಅಂದು ನರೇಂದ್ರ ಮೋದಿಯವರ ಹೆಸರಿಡಲಾಯಿತು. ಪಟೇಲರ ಹೆಸರು ಸುತ್ತಲಿನ ಕ್ರೀಡಾ ಸಂಕೀರ್ಣಕ್ಕೆ ಉಳಿದಿದೆ ಎಂಬ ಸಮಾಧಾನವನ್ನೂ ಹೇಳಲಾಯಿತು. ಬದುಕಿರುವ, ಅಧಿಕಾರದಲ್ಲಿರುವ ಪ್ರಧಾನಿಯೊಬ್ಬರು ತಮ್ಮದೇ ಹೆಸರಿನ ಮೈದಾನವನ್ನು ಕಣ್ಣಾರೆ ನೋಡುವ ಭಾಗ್ಯ ಪಡೆದರು.

ಅದೇ ವಾರದ ಕೊನೆಗೆ ನಮ್ಮ ಭದ್ರಾವತಿಯಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯಿತು. ಪಂದ್ಯ ಮುಗಿಯುವ ಹೊತ್ತಿಗೆ ಘೋಷಣೆಯ ವಿಚಾರಕ್ಕೆ ಮಾತಿಗೆ ಮಾತು ಬೆಳೆದು, ಎರಡು ಪಕ್ಷಗಳ ಕಾರ್ಯಕರ್ತರು ಕೈಕೈ ಮಿಲಾಯಿಸಿದರು. ಪೊಲೀಸ್ ಕೇಸುಗಳಾದವು. ಶಾಸಕ ಬಿ.ಕೆ. ಸಂಗಮೇಶ್ ಮತ್ತು ಅವರ ಮನೆಯವರ ಮೇಲೂ ಕೇಸು ದಾಖಲಾಯಿತು. ಮಾರ್ಚ್ 4ರಂದು ವಿಧಾನಸಭೆಯಲ್ಲಿ 'ಒಂದು ದೇಶ, ಒಂದು ಚುನಾವಣೆ' ಎಂಬ ಘನವಾದ ವಿಷಯದ ಚರ್ಚೆ ಶುರುವಾಗುತ್ತಿದ್ದಾಗ ಇವರು ಸ್ಪೀಕರ್ ಪೀಠದ ಮುಂದೆ ಅಂಗಿ ಕಳಚಿ ಪ್ರತಿಭಟಿಸಿದರು. ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಒಂದು ವಾರ ಅಮಾನತು ಮಾಡಿದರು. ದೇಶಕ್ಕೆಲ್ಲ ಒಂದೇ ಚುನಾವಣೆ ಮಾಡಲು ಹೊರಟವರ ದಾರಿಗೆ ಭದ್ರಾವತಿಯ ಒಂದು ಕಬಡ್ಡಿ ಪಂದ್ಯ ಅಡ್ಡ ಬಂದಿತ್ತು!

ಟಿ.ವಿ.ಯವರು ಅಂಗಿಯ ಬಗ್ಗೆ ದಿನವಿಡೀ ಮಾತಾಡಿದರು. ಕಬಡ್ಡಿಯಲ್ಲಿ ಗೆದ್ದವರು ಯಾರು ಎಂದು ಯಾರೂ ಕೇಳಲಿಲ್ಲ. ಯಾರು ಮೊದಲು ಕೈ ಎತ್ತಿದರೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ನನಗೆ ಕಾಡಿದ ಪ್ರಶ್ನೆ ಬೇರೆ. ಕಬಡ್ಡಿ ಅಂಗಳಕ್ಕೆ ಪಕ್ಷಗಳ ಕಾರ್ಯಕರ್ತರು ಕಾರ್ಯಕರ್ತರಾಗಿಯೇ ಯಾಕೆ ಬಂದರು? ಪ್ರೇಕ್ಷಕರಾಗಿ ಬರಬಹುದಿತ್ತಲ್ಲ!

ಭದ್ರಾವತಿ ನನಗೆ ಪರಕೀಯ ಊರಲ್ಲ. ಶಿವಮೊಗ್ಗದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿ. ಅಮ್ಮಿಯ ಅಣ್ಣ, ಅಂದರೆ ನಮ್ಮ ಮಾಮು, ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೇಸಿಗೆ ರಜೆ ಬಂತೆಂದರೆ ನಾವು ಅಲ್ಲಿರುತ್ತಿದ್ದೆವು. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರು 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾದ ಮೇಲೆ ಪಟ್ಟಣವಾಯಿತು. ತಮಿಳರು, ತೆಲುಗರು, ಮಲಯಾಳಿಗಳು, ಉತ್ತರ ಕರ್ನಾಟಕದವರು, ದಖನಿ ಉರ್ದು ಮಾತಾಡುವ ನಮ್ಮವರು, ಎಲ್ಲರೂ ಒಂದೇ ಸೈರನ್ನಿಗೆ ಎದ್ದು ಒಂದೇ ಸೈರನ್ನಿಗೆ ಮನೆಗೆ ಹೋಗುತ್ತಿದ್ದರು. ಸಂಜೆಯ ಹೊತ್ತು ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದರು. ಮಾಮು ಒಳ್ಳೆಯ ಕ್ಯಾಚರ್. ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಅವರ ಎಡಗಡೆ ನಿಲ್ಲುತ್ತಿದ್ದವರು ಒಬ್ಬ ತಮಿಳು ಫಿಟ್ಟರ್, ಬಲಗಡೆ ಒಬ್ಬ ಲಿಂಗಾಯತ ಗುಮಾಸ್ತೆ. ಮೂವರೂ ಕೈ ಕೈ ಹಿಡಿದು ಸರಪಣಿ ಮಾಡಿಕೊಂಡು ನಿಲ್ಲಬೇಕು. ಅದು ಸೌಹಾರ್ದ ತೋರಿಸಲಿಕ್ಕಲ್ಲ. ಕೈ ಬಿಟ್ಟರೆ ರೈಡರ್ ತಪ್ಪಿಸಿಕೊಂಡು ಹೋಗುತ್ತಾನೆ, ಅಷ್ಟೆ.

ಕಬಡ್ಡಿಯಲ್ಲಿ ಇನ್ನೊಂದು ವಿಶೇಷವಿದೆ. ಎದುರಾಳಿಯನ್ನು ಮುಟ್ಟದೆ ಅಲ್ಲಿ ಆಟವೇ ಇಲ್ಲ. ಮುಟ್ಟಿದರೆ ಅಂಕ. ಮೈಲಿಗೆ ಎಂದು ದೂರ ನಿಂತವನು ಬರಿಗೈಯಲ್ಲಿ ವಾಪಸು ಬರಬೇಕು. ಮುಟ್ಟುವ, ಮುಟ್ಟಿಸಿಕೊಳ್ಳುವ ವಿಚಾರಕ್ಕೆ ಸಾವಿರಾರು ವರ್ಷ ಜಗಳವಾಡಿದ ದೇಶದಲ್ಲಿ ಇಂಥ ಆಟ ಹುಟ್ಟಿತು ಎಂಬುದೇ ನನಗೆ ಸೋಜಿಗ.

ಈ ಮಾತು ನನಗೆ ಮತ್ತೆ ನೆನಪಾದದ್ದು 2025ರ ಸೆಪ್ಟೆಂಬರ್ 14ರಂದು. ದುಬೈನಲ್ಲಿ ಏಷ್ಯಾ ಕಪ್ ಪಂದ್ಯ ಗೆದ್ದ ಭಾರತದ ಆಟಗಾರರು ಪಾಕಿಸ್ತಾನದ ಆಟಗಾರರ ಕೈ ಕುಲುಕಲಿಲ್ಲ. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದ ನೀಚ ಕೃತ್ಯ ಎಲ್ಲರ ಎದೆಯಲ್ಲಿ ಹಸಿಯಾಗಿತ್ತು. ಪಂದ್ಯವನ್ನೇ ಆಡುವುದಿಲ್ಲ ಎಂದಿದ್ದರೆ ಅದರಲ್ಲೊಂದು ಘನತೆಯಿತ್ತು, ನಾನೂ ಒಪ್ಪುತ್ತಿದ್ದೆ. ಆದರೆ ಆಡಬೇಕು, ಟಿ.ವಿ. ಹಕ್ಕಿನ ದುಡ್ಡು ಬರಬೇಕು, ಕೈ ಮಾತ್ರ ಮುಟ್ಟಬಾರದು ಎಂದರೆ ಏನರ್ಥ? ಸೆಪ್ಟೆಂಬರ್ 28ರ ಫೈನಲ್ ಗೆದ್ದ ಮೇಲೆ ನಮ್ಮವರು ಮೊಹ್ಸಿನ್ ನಖ್ವಿಯವರ ಕೈಯಿಂದ ಕಪ್ ತೆಗೆದುಕೊಳ್ಳಲಿಲ್ಲ. ನಖ್ವಿ ಯಾರು? ಪಾಕಿಸ್ತಾನದ ಕ್ರಿಕೆಟ್ ಮಂಡಳಿಯ ಅಧ್ಯಕ್ಷರು, ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷರು, ಮೇಲಾಗಿ ಆ ದೇಶದ ಒಳಾಡಳಿತ ಸಚಿವರು. ಪೊಲೀಸು, ಬ್ಯಾಟು ಎರಡೂ ಒಬ್ಬರ ಕೈಯಲ್ಲೇ! ನಗಬೇಡಿ. 2024ರ ಡಿಸೆಂಬರ್ 1ರಂದು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷಗಿರಿ ವಹಿಸಿಕೊಂಡ ಜಯ್ ಶಾ ಅವರು ನಮ್ಮ ಗೃಹ ಸಚಿವರ ಸುಪುತ್ರರು. ಅಲ್ಲಿ ಸಚಿವರೇ ಬಂದರು, ಇಲ್ಲಿ ಮಗನನ್ನು ಕಳಿಸಿದರು. ಫೈನಲ್ ಗೆಲುವನ್ನು ನಮ್ಮ ಪ್ರಧಾನಿಯವರು ಆಪರೇಷನ್ ಸಿಂಧೂರಕ್ಕೆ ಹೋಲಿಸಿ ಬರೆದರು. ಗಡಿಯಲ್ಲಿ ನಿಜವಾಗಿ ಜೀವ ಕೊಟ್ಟವರ ಮನೆಯವರಿಗೆ ಈ ಹೋಲಿಕೆ ಹೇಗೆ ಕಂಡಿತೋ.

ರಾಜಕಾರಣಿಗಳು ಕ್ರಿಕೆಟ್ಟನ್ನು ಬಳಸಿಕೊಂಡದ್ದು ಇದೇ ಮೊದಲೇನಲ್ಲ. 1987ರಲ್ಲಿ ಗಡಿಯಲ್ಲಿ ಸೈನ್ಯ ಜಮಾಯಿಸಿದ್ದಾಗ ಸರ್ವಾಧಿಕಾರಿ ಜಿಯಾ-ಉಲ್-ಹಕ್ ಜೈಪುರಕ್ಕೆ ಟೆಸ್ಟ್ ನೋಡುವ ನೆಪದಲ್ಲಿ ಬಂದಿಳಿದರು. ತನ್ನ ದೇಶದಲ್ಲಿ ಬಾಯಿ ಬಿಟ್ಟವರಿಗೆ ಛಡಿ ಏಟು ಕೊಡಿಸಿದ ಮನುಷ್ಯ ಇಲ್ಲಿ ಶಾಂತಿದೂತನಾದ. 2004ರಲ್ಲಿ ನಮ್ಮ ತಂಡ ಪಾಕಿಸ್ತಾನಕ್ಕೆ ಹೊರಟಾಗ ವಾಜಪೇಯಿಯವರು, ಆಟದ ಜೊತೆಗೆ ಮನಸ್ಸನ್ನೂ ಗೆದ್ದು ಬನ್ನಿ ಎಂದು ಹರಸಿ ಕಳಿಸಿದರು. ವಾಜಪೇಯಿಯವರ ಪಕ್ಷದ ಬಗ್ಗೆ ನನಗೆ ನೂರು ತಕರಾರಿದೆ. ಆದರೂ ಆ ಮಾತನ್ನು ಇಂದು ಅವರದೇ ಪಕ್ಷದವರಿಗೆ ನೆನಪಿಸಿದರೆ ದೇಶದ್ರೋಹಿ ಅನಿಸಿಕೊಳ್ಳಬೇಕಾದೀತು. ಜಾವೆಲಿನ್‌ನ ನೀರಜ್ ಚೋಪ್ರಾ ಅವರ ಗತಿ ನೋಡಿ. ಬೆಂಗಳೂರಿನ ಕೂಟಕ್ಕೆ ಅರ್ಷದ್ ನದೀಮ್‌ರನ್ನು ಕರೆದದ್ದು ಪಹಲ್ಗಾಮ್ ಘಟನೆಗೆ ಮೊದಲು. ಆಮೇಲೆ ಅವರನ್ನೂ, 'ನದೀಮ್ ಕೂಡ ನನ್ನ ಮಗನೇ' ಎಂಬರ್ಥದಲ್ಲಿ ಮಾತಾಡಿದ್ದ ಅವರ ತಾಯಿಯನ್ನೂ ಬಾಯಿಗೆ ಬಂದಂತೆ ಬೈದರು. ಸೇನೆಯಲ್ಲಿರುವ, ಒಲಿಂಪಿಕ್ ಚಿನ್ನ ತಂದ ಹುಡುಗನೇ ದೇಶಭಕ್ತಿಯ ಸರ್ಟಿಫಿಕೇಟು ತೋರಿಸಬೇಕಾಯಿತು.

ಆ ಸರ್ಟಿಫಿಕೇಟು ತೋರಿಸುವ ಅಭ್ಯಾಸ ನಮಗೆ ಹಳೆಯದು.

1996ರ ಮಾರ್ಚ್ 9. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ-ಪಾಕಿಸ್ತಾನ. ಶಿವಮೊಗ್ಗದ ನಮ್ಮ ಮೊಹಲ್ಲಾದ ಚಹಾ ಹೋಟೆಲಿನಲ್ಲಿ ಟಿ.ವಿ. ಇಟ್ಟಿದ್ದರು. ಜಡೇಜ 25 ಎಸೆತಕ್ಕೆ 45 ಹೊಡೆದಾಗ ಬೆಂಚಿನ ಮೇಲೆ ಹತ್ತಿ ಕುಣಿದೆವು. ಅಮೀರ್ ಸೊಹೈಲ್ ಬೌಂಡರಿ ಹೊಡೆದು ವೆಂಕಟೇಶ ಪ್ರಸಾದರಿಗೆ ಬ್ಯಾಟು ತೋರಿಸಿದ್ದು, ಮರು ಚೆಂಡಿಗೇ ಸ್ಟಂಪ್ ಹಾರಿದ್ದು ಎಲ್ಲರಿಗೂ ಗೊತ್ತಿರುವ ಕತೆ. ನಮ್ಮ ಹೋಟೆಲಿನ ಕತೆ ಯಾರಿಗೂ ಗೊತ್ತಿಲ್ಲ. ಸ್ಟಂಪ್ ಹಾರಿದಾಗ ನಾವು ಹುಡುಗರು ಕೂಗಿಕೊಂಡೆವು. ಗಲ್ಲಾದ ಮೇಲೆ ಕೂತಿದ್ದ ಚಾಚಾ, "ಜೋರ್ ಸೇ ಬಜಾವೋ ರೇ, ರಸ್ತೇ ಕೂ ಸುನ್ನಾ" ಅಂದರು. ಜೋರಾಗಿ ಚಪ್ಪಾಳೆ ಹೊಡೀರಪ್ಪಾ, ರಸ್ತೆಗೆ ಕೇಳಿಸಬೇಕು ಎಂದು. ನಾವು ಮತ್ತೊಮ್ಮೆ ಹೊಡೆದೆವು. ಮೊದಲನೇ ಚಪ್ಪಾಳೆ ನಮ್ಮದು. ಎರಡನೆಯದು ರಸ್ತೆಯದು.

ಅಂದಿನ ನಾಯಕ ಅಜರುದ್ದೀನ್. ಶ್ರೀನಾಥ್, ಕುಂಬ್ಳೆ, ಪ್ರಸಾದ್ ಮೂವರೂ ನಮ್ಮ ಕರ್ನಾಟಕದವರು. ನಮ್ಮ ಖುಷಿಗೆ ಕಾರಣ ಸಾಲದೇ? ಆದರೂ ಚಾಚಾನಿಗೆ ರಸ್ತೆಯ ಭಯ. ನಮ್ಮೊಳಗೂ ವಾಸಿಂ ಅಕ್ರಮನ ಫೋಟೋ ಪುಸ್ತಕದೊಳಗೆ ಇಟ್ಟುಕೊಂಡ ಹುಡುಗರಿದ್ದರು, ಸುಳ್ಳೇಕೆ ಹೇಳಲಿ? ಅವನ ಬೌಲಿಂಗ್ ಹಾಗಿತ್ತು. ಗವಾಸ್ಕರರೇ ರಿಚರ್ಡ್ಸನ ಬ್ಯಾಟಿಂಗ್ ಮೆಚ್ಚಿದರೆ ಅದು ಕ್ರೀಡಾ ಮನೋಭಾವ, ನಮ್ಮ ಹುಡುಗ ಅಕ್ರಮನನ್ನು ಮೆಚ್ಚಿದರೆ ಪಾಕಿಸ್ತಾನಕ್ಕೆ ಟಿಕೆಟ್. ಹಾಗೆಯೇ, ಪಾಕಿಸ್ತಾನ ಗೆದ್ದಾಗ ಯಾವನೋ ಬುದ್ಧಿಗೇಡಿ ಪಟಾಕಿ ಹೊಡೆದರೆ ಅದನ್ನು ಮುಚ್ಚಿಡುವುದೂ ಬೇಡ. ನೆರೆಯವನ ದುಃಖದಲ್ಲಿ ಪಟಾಕಿ ಹೊಡೆಯುವುದು ಯಾವ ಧರ್ಮದ ಪ್ರಕಾರವೂ ಸರಿಯಲ್ಲ. ಆದರೆ 2021ರ ಅಕ್ಟೋಬರಿನಲ್ಲಿ ದುಬೈನಲ್ಲಿ ಭಾರತ ಹತ್ತು ವಿಕೆಟಿನಿಂದ ಸೋತಾಗ ಆದದ್ದೇನು? ಆಗ್ರಾದಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳನ್ನು ಒಂದು ವಾಟ್ಸಾಪ್ ಸ್ಟೇಟಸ್ಸಿಗಾಗಿ ಜೈಲಿಗೆ ಹಾಕಿದರು. ಜಾಮೀನು ಸಿಗಲು 2022ರ ಮಾರ್ಚ್ ಬರಬೇಕಾಯಿತು. ಹನ್ನೊಂದು ಜನ ಸೇರಿ ಸೋತ ಪಂದ್ಯಕ್ಕೆ ಮೊಹಮ್ಮದ್ ಶಮಿ ಒಬ್ಬರೇ ಗದ್ದಾರ್ ಆದರು. ವಿರಾಟ್ ಕೊಹ್ಲಿ ಬಾಯಿಬಿಟ್ಟು ಅದನ್ನು ಖಂಡಿಸಿದ್ದು ದೊಡ್ಡ ಗುಣ. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇದೇ ಶಮಿ 57 ರನ್ನಿಗೆ 7 ವಿಕೆಟ್ ತೆಗೆದಾಗ ಬೈದವರೆಲ್ಲ ಹೊಗಳಿದರು. ಏಳು ವಿಕೆಟ್ ತೆಗೆಯಲಾರದ ಸಾಮಾನ್ಯ ಶಮಿಗಳು ಏನು ಮಾಡಬೇಕು?

ಅಹ್ಮದಾಬಾದಿಗೆ ಮತ್ತೆ ಹೋಗೋಣ. 2023ರ ಮಾರ್ಚ್ 9ರಂದು, ಚಾಚಾನ ಚಪ್ಪಾಳೆಗೆ ಸರಿಯಾಗಿ 27 ವರ್ಷಕ್ಕೆ, ಭಾರತ-ಆಸ್ಟ್ರೇಲಿಯಾ ಟೆಸ್ಟಿನ ಮೊದಲ ದಿನ. ಮೋದಿಯವರೂ ಆಸ್ಟ್ರೇಲಿಯಾದ ಪ್ರಧಾನಿ ಅಲ್ಬನೀಸ್ ಅವರೂ ರಥದಂತೆ ಸಿಂಗರಿಸಿದ ಬಂಡಿಯಲ್ಲಿ ಮೈದಾನದ ಸುತ್ತ ಮೆರವಣಿಗೆ ಹೊರಟರು. ಆಮೇಲೆ ಇಬ್ಬರೂ ಹೋದರು, ಆಟ ನಡೆಯಿತು. ಅಂದು ದಿನವಿಡೀ ಔಟಾಗದೆ ನಿಂತು 104 ಹೊಡೆದವರು, ಕೊನೆಗೆ ಅದನ್ನು 180ಕ್ಕೆ ಮುಟ್ಟಿಸಿದವರು ಉಸ್ಮಾನ್ ಖ್ವಾಜಾ. ಇಸ್ಲಾಮಾಬಾದಿನಲ್ಲಿ ಹುಟ್ಟಿದ ಈ ಆಸ್ಟ್ರೇಲಿಯನ್ನನಿಗೆ ಭಾರತದ ವೀಸಾ ತಡವಾಗಿ, ತಂಡದ ಜೊತೆ ವಿಮಾನ ಹತ್ತಲು ಆಗಿರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿಗೆ ಖ್ವಾಜಾ ತಮ್ಮ ಬೂಟಿನ ಮೇಲೆ ಎರಡು ಸಾಲು ಬರೆದುಕೊಂಡರು. ಎಲ್ಲ ಜೀವಗಳೂ ಸಮಾನ, ಸ್ವಾತಂತ್ರ್ಯ ಮನುಷ್ಯನ ಹಕ್ಕು ಎಂದು. ಗಾಜಾದಲ್ಲಿ ಮಕ್ಕಳು ಸಾಯುತ್ತಿದ್ದ ದಿನಗಳು ಅವು. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅದಕ್ಕೆ ಒಪ್ಪಲಿಲ್ಲ, ಕಪ್ಪುಪಟ್ಟಿ ಕಟ್ಟಿಕೊಂಡಿದ್ದಕ್ಕೆ ವಾಗ್ದಂಡನೆಯನ್ನೂ ಕೊಟ್ಟಿತು. ಕ್ರಿಕೆಟ್ಟಿಗೆ ರಾಜಕೀಯ ಬೆರೆಸಬಾರದಂತೆ. ಇಬ್ಬರು ಪ್ರಧಾನಿಗಳು ಟೆಸ್ಟ್ ಪಂದ್ಯದ ಮೈದಾನ ಸುತ್ತಿದರೆ ರಾಜಕೀಯವಲ್ಲ, ಬ್ಯಾಟ್ಸ್‌ಮನ್ ಒಬ್ಬನ ಬೂಟು ಮಾತಾಡಿದರೆ ರಾಜಕೀಯ. ಈ ನಿಯಮಪುಸ್ತಕ ಬರೆದವರ ಪಾದ ಮುಟ್ಟಿ ನಮಸ್ಕರಿಸಬೇಕು.

ಇಷ್ಟನ್ನೂ ಓದಿ, ಇವರಿಗೆ ಒಂದೇ ಪಕ್ಷದ ಮೇಲೆ ಸಿಟ್ಟು ಎಂದು ಯಾರಾದರೂ ಭಾವಿಸಿದರೆ 2025ರ ಜೂನ್ 4ನ್ನು ನೆನಪಿಸಿಕೊಳ್ಳಲಿ. ಹಿಂದಿನ ರಾತ್ರಿ ಆರ್‌ಸಿಬಿ ಹದಿನೆಂಟು ವರ್ಷದ ಮೇಲೆ ಕಪ್ ಗೆದ್ದಿತ್ತು. ಒಂದು ಖಾಸಗಿ ಕಂಪನಿಯ ತಂಡಕ್ಕೆ ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರಿ ಸನ್ಮಾನ ಮಾಡುವ ಅವಸರ ಯಾರಿಗಿತ್ತು? ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ರಾಜ್ಯಪಾಲರು ಎಲ್ಲರೂ ಇದ್ದರು. ಆಟಗಾರರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು ವೇದಿಕೆಯ ಮೇಲೇ ಇತ್ತು. ಅದೇ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಬಹಳ ಮಂದಿ ಎಳೆಯ ವಯಸ್ಸಿನವರು. ಮರುದಿನ ಪೊಲೀಸ್ ಕಮಿಷನರ್ ಅಮಾನತಾದರು. ವೇದಿಕೆ ಹತ್ತಿದವರು ಯಾರೂ ಇಳಿಯಲಿಲ್ಲ.

ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಬಗ್ಗೆ ಇಲ್ಲಿ ಹೇಳದಿದ್ದರೆ ಮಾಮು ನನ್ನನ್ನು ಮನೆಗೆ ಸೇರಿಸುವುದಿಲ್ಲ. 1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವದ ಟೆಸ್ಟಿಗೆ ಅವರು ನಾಯಕ. ಇಂಗ್ಲೆಂಡಿನ ಅರ್ಧ ತಂಡ ಔಟಾಗಿತ್ತು. ಬಾಬ್ ಟೇಲರ್ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲ ಎಂದು ವಿಶ್ವನಾಥ್‌ಗೆ ಅನಿಸಿತು. ಹೊರಟಿದ್ದ ಟೇಲರರನ್ನು ವಾಪಸು ಕರೆಸಿ ಆಡಿಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟಿನಿಂದ ಸೋತಿತು. ಇಂದು ಯಾವ ನಾಯಕನಾದರೂ ಹೀಗೆ ಮಾಡಿದರೆ, ಅದೂ ಎದುರಾಳಿ ಪಾಕಿಸ್ತಾನವಾಗಿದ್ದರೆ, ಅವನ ಮನೆಗೆ ಪೊಲೀಸ್ ಕಾವಲು ಹಾಕಬೇಕಾದೀತು. ಆತ ಮುಸ್ಲಿಮನಾಗಿದ್ದರೆ? ಬೇಡ, ಬಿಡಿ.

ವಿಶ್ವನಾಥರ ಊರಿನ ಕಾಗದದ ಕಾರ್ಖಾನೆ 2015ರ ಹೊತ್ತಿಗೇ ನಿಂತುಹೋಯಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಮರು ತಿಂಗಳು 27ರಂದು ಪ್ರಧಾನಿಯವರು ಅಲ್ಲಿಗೆ ಹೆಚ್ಚು ದೂರವಿಲ್ಲದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಿ ಹೋದರು. ಆಮೇಲೆ ಬಂದ ಭರವಸೆಗಳ ಲೆಕ್ಕ ಇಡುವುದನ್ನು ಭದ್ರಾವತಿಯವರು ಬಿಟ್ಟಿದ್ದಾರೆ. ಸೈರನ್ ಕೂಗದ ಊರಿನಲ್ಲಿ ಹುಡುಗರಿಗೆ ಸಂಜೆಯಷ್ಟೇ ಅಲ್ಲ, ಇಡೀ ದಿನ ಬಿಡುವು. ಬಿಡುವಿದ್ದ ಹುಡುಗನ ಕೈಗೆ ಬಾವುಟ ಕೊಡುವುದು ಸುಲಭ.

ಮೊನ್ನೆ ಭದ್ರಾವತಿಗೆ ಹೋದಾಗ ಬಿ.ಎಚ್. ರಸ್ತೆಯಲ್ಲಿ ಒಂದು ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್ ಕಟ್ಟಿದ್ದರು. ಎಣಿಸಿದೆ. ಹದಿನಾಲ್ಕು ಮುಖಂಡರ ಮುಖ, ಕೆಳಗೆ ಮೂಲೆಯಲ್ಲಿ ತಲೆಯಿಲ್ಲದ ಒಂದು ಕಬಡ್ಡಿ ಆಟಗಾರನ ಚಿತ್ರ. ಮಾಮುವಿಗೆ ಈಗ ಎಂಬತ್ತರ ಹತ್ತಿರ, ಮಂಡಿ ನೋವು. ನನಗೊಂದು ಯೋಚನೆ ಬಂತು ಅಂದೆ. ತಾಲೂಕಿನ ಯಾವ ಪಂದ್ಯಾವಳಿಗೂ ಯಾವ ಪಕ್ಷದ ಮುಖಂಡರನ್ನೂ ವೇದಿಕೆಗೆ ಕರೆಯಬಾರದು, ಬಹುಮಾನವನ್ನು ಕಾರ್ಖಾನೆಯ ಹಳೆಯ ಆಟಗಾರರ ಕೈಯಿಂದ ಕೊಡಿಸಬೇಕು, ನೀವೇ ಯಾಕೆ ಕೊಡಬಾರದು ಎಂದು. ಮಾಮು ಮಂಡಿ ನೀವಿಕೊಳ್ಳುತ್ತಾ ಕೇಳಿಸಿಕೊಂಡರು.

"ಅಚ್ಛಾ ಹೈ ಬೇಟಾ. ಶಾಮಿಯಾನಾಕ್ಕೆ ದುಡ್ಡು ಯಾರು ಕೊಡ್ತಾರೆ, ಅದನ್ನ ಮೊದಲು ಹೇಳು" ಅಂದರು.