ಚಿಣ್ಣರ ಮೇಳ ಮತ್ತು ಶಾಲೆ ಬಿಟ್ಟ ಮೇಲಿನ ಹೊತ್ತು

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬಂದೊಡನೆ ಮೈಸೂರಿನ ಕಲಾಮಂದಿರದ ಆವರಣದಲ್ಲಿ ರಂಗಾಯಣವು ನಡೆಸಿಕೊಂಡು ಬಂದಿರುವ ‘ಚಿಣ್ಣರ ಮೇಳ’ವು, ಈಗ ಬಡಾವಣೆಗೊಂದರಂತೆ ಹುಟ್ಟಿಕೊಳ್ಳುತ್ತಿರುವ ಬೇಸಿಗೆ ಶಿಬಿರಗಳ ಗುಣದೋಷಗಳನ್ನು ವಿವೇಚಿಸಹೊರಟವರು ಮೊತ್ತಮೊದಲು ಪರಿಶೀಲಿಸತಕ್ಕ ನಿದರ್ಶನವಾಗಿದೆ. ಸರ್ಕಾರದ ಆಶ್ರಯದಲ್ಲಿ 1989ರಲ್ಲಿ ಸ್ಥಾಪಿತವಾಗಿ, ಬಿ.ವಿ. ಕಾರಂತರನ್ನು ಪ್ರಥಮ ನಿರ್ದೇಶಕರನ್ನಾಗಿ ಪಡೆದ ಈ ರಂಗಸಂಸ್ಥೆಯು ಮಕ್ಕಳನ್ನು ತನ್ನ ಅಂಗಳಕ್ಕೆ ಬರಮಾಡಿಕೊಂಡದ್ದು ಸಹಜವೇ ಆಗಿತ್ತು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರದ ಮೂಲಕ, ಅವರಿಗಿಂತ ಬಹುಕಾಲ ಮುನ್ನ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ, ಪಾಠದಾಚೆಯ ಹೊತ್ತೂ ಶಿಕ್ಷಣದ ಹೊತ್ತೇ ಎಂಬುದನ್ನು ಆಚರಿಸಿ ತೋರಿಸಿದ್ದರಷ್ಟೆ.

ಮೇಳದ ಮಕ್ಕಳು ಸುಮಾರು ಒಂದು ತಿಂಗಳ ಕಾಲ ಜೇಡಿಮಣ್ಣು ಕಲಸುತ್ತಾರೆ, ಮುಖವಾಡ ಕಟ್ಟುತ್ತಾರೆ, ಜನಪದ ಗೀತೆಗಳನ್ನೂ ಕುಣಿತಗಳನ್ನೂ ಕಲಿಯುತ್ತಾರೆ, ತಾವೇ ಸಂತೆ ಹೂಡಿ ಕೂಗಿ ಕರೆದು ವ್ಯಾಪಾರ ಮಾಡುತ್ತಾರೆ. ಕೊನೆಗೆ ಭೂಮಿಗೀತ, ವನರಂಗ ಮುಂತಾದ ರಂಗಸ್ಥಳಗಳಲ್ಲಿ ನಾಟಕವಾಡುತ್ತಾರೆ. ಶಿಬಿರವೊಂದರ ಯೋಗ್ಯತೆಯನ್ನು ಸಮಾರೋಪದ ಸಂಜೆ ನೋಡಿ ನಿರ್ಣಯಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ಮಟ್ಟಿಗೆ, ಅದರ ನಿಜವಾದ ಪರೀಕ್ಷೆ ನಡೆಯುವುದು ಎರಡನೆಯ ವಾರದ ಯಾವುದಾದರೊಂದು ಸಾಧಾರಣ ಮಧ್ಯಾಹ್ನದಲ್ಲಿ. ನೋಡುವವರು ಯಾರೂ ಇಲ್ಲದ, ಮಾತು ಇನ್ನೂ ಬಾಯಿಗೆ ಹತ್ತದ, ಗುಂಪಿಗೆ ಸೇರಲೊಲ್ಲದ ಮಗುವೊಂದು ಮರದ ಬುಡದಲ್ಲಿ ಸುಮ್ಮನೆ ಕುಳಿತಿರುವ ಆ ಹೊತ್ತಿನಲ್ಲಿ, ಅದನ್ನು ಎಳೆದು ತರದೆ, ತಾನಾಗಿ ಏಳುವವರೆಗೆ ಕಾಯುವಷ್ಟು ವ್ಯವಧಾನ ಹಿರಿಯರಿಗೆ ಇದೆಯೇ ಎಂಬುದೇ ಪ್ರಶ್ನೆ. ಹತ್ತು ದಿನಗಳಲ್ಲಿ ಚಿತ್ರಕಲೆ, ಯೋಗ, ವೇದಗಣಿತ, ಕರಾಟೆಗಳನ್ನೆಲ್ಲ ಗಂಟೆಗೊಂದರಂತೆ ಬಡಿಸುವ ಶಿಬಿರಗಳಲ್ಲಿ ಈ ವ್ಯವಧಾನವು ಅಸಂಭವ. ಒಂದು ತಿಂಗಳ ಅವಕಾಶವೂ, ರಂಗವೇ ವೃತ್ತಿಯಾದ ಕಲಾವಿದರ ಸಹವಾಸವೂ ಇರುವಲ್ಲಿ ಅದು ಸಾಧ್ಯ. ಮೇಳದ ಹಿರಿಮೆಯನ್ನು ನಾನು ಕಾಣುವುದು ಇದರಲ್ಲಿಯೇ.

ಆದರೆ ಅರ್ಜಿಗಾಗಿ ತಂದೆತಾಯಂದಿರು ರಾತ್ರಿಯಿಂದಲೇ ಸಾಲುಗಟ್ಟಿ ನಿಂತ ವರ್ಷಗಳುಂಟು. ಸಾಲು ಮೇಲ್ನೋಟಕ್ಕೆ ಸಮಾನತೆಯ ಕ್ರಮವೆಂದು ತೋರಿದರೂ, ಬೆಳಗಾದರೆ ಕೂಲಿಗೆ ಹೊರಡಬೇಕಾದ ತಾಯಿಗೆ ರಾತ್ರಿಯೆಲ್ಲ ನಿಲ್ಲುವ ಅನುಕೂಲವೆಲ್ಲಿಯದು? ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ಇಂಥ ಮನೆಗಳ ಮಕ್ಕಳಿಗೆ ಸ್ಥಾನಗಳನ್ನು ಮೊದಲೇ ಕಾದಿರಿಸತಕ್ಕದ್ದು.

ಇದಕ್ಕಿಂತ ಗುರುತರವಾದ ಕೊರತೆಯು ಮೇಳದ್ದಲ್ಲ, ನಮ್ಮೆಲ್ಲರದು. ರಜೆ ಮುಗಿದ ಮೇಲೆ ಉಳಿಯುವ ತಿಂಗಳುಗಳಲ್ಲಿ, ಶಾಲೆಯ ಕೊನೆಯ ಗಂಟೆ ಬಾರಿಸಿದಾಗಿನಿಂದ ಗಾರ್ಮೆಂಟ್ಸಿಗೆ ಹೋದ ತಾಯಿ ಮನೆಗೆ ಬರುವ ತನಕ ಮಗುವು ಯಾರ ವಶದಲ್ಲಿರುತ್ತದೆ? ಉಳ್ಳವರು ಡೇ ಕೇರಿಗೋ ಟ್ಯೂಷನ್ನಿಗೋ ಕಳುಹುತ್ತಾರೆ. ಇಲ್ಲದವರು ಬೀಗದ ಕೈಯನ್ನು ಮಗುವಿಗೇ ಒಪ್ಪಿಸಿ, ನೆರೆಮನೆಯವರಿಗೆ ಒಂದು ಮಾತು ಹೇಳಿ ಹೋಗುತ್ತಾರೆ. ಈ ದಿಕ್ಕಿನಲ್ಲಿ, 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಒದಗಿಸಿದ್ದನ್ನು ನಾನು ಅತ್ಯಂತ ಆದರದಿಂದ ಸ್ಮರಿಸುತ್ತೇನೆ. ದೀಪವುಳ್ಳ ಒಂದು ಕೊಠಡಿ, ಕೈಗೆಟಕುವ ಪುಸ್ತಕಗಳು, ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯರು: ಸಂಜೆಯ ಆಶ್ರಯಕ್ಕೆ ಬೇಕಾದುದು ಬಹುಪಾಲು ಇಷ್ಟೆ. ಆದರೆ ಅಲ್ಲಿನ ಮೇಲ್ವಿಚಾರಕರು ಒಂಟಿ. ಪುಸ್ತಕದ ಲೆಕ್ಕ, ಪತ್ರಿಕೆಗಳ ಜೋಡಣೆ, ಮಕ್ಕಳ ಯೋಗಕ್ಷೇಮ ಎಲ್ಲವೂ ಅವರೊಬ್ಬರ ತಲೆಯ ಮೇಲೆಯೇ. ರಂಗಾಯಣದಂಥ ಸಂಸ್ಥೆಗಳು ತಮ್ಮ ಕಲಾವಿದರಲ್ಲಿ ಇಬ್ಬರನ್ನು ವಾರಕ್ಕೆರಡು ಸಂಜೆ ಮೈಸೂರು ಸುತ್ತಣ ಇಂಥದೊಂದು ಗ್ರಂಥಾಲಯಕ್ಕೆ ಕಳುಹಿಕೊಟ್ಟರೆ ಸಾಕು, ಉಳಿದ ಸಂಜೆಗಳಿಗೆ ಇನ್ನೊಬ್ಬ ಸಹಾಯಕರ ಸಂಬಳವನ್ನು ಪಂಚಾಯಿತಿಯಿಂದ ಕೇಳಿ ಪಡೆಯುವ ಧೈರ್ಯ ಆ ಊರಿನ ತಾಯಂದಿರಿಗೆ ಬಂದೀತು.